ಎತ್ತದ ಎಲೆ

"ಏ ಯಲ್ಲಿ, ನೆಂಟ್ರು ಉಣ್ಣೋ ಹೊತ್ತಲ್ಲಿ ನಿನ್ನ ಮುಸುಡಿ ಇತ್ಲಾಗೆ ಎಂತಕ್ಕೆ ತತ್ತೀಯೆ? ಹಿತ್ಲಕಡೆ ಸಾಯಿ."

ಪುಟ್ಟಪ್ಪಗೌಡರು ಇದನ್ನು ತುಟಿಯಂಚಿನಲ್ಲೇ ಹೇಳಿ, ಅದೇ ತುಟಿಯನ್ನು ಅಗಲಿಸಿಕೊಂಡು ಊಟದ ಮೇಜಿನತ್ತ ತಿರುಗಿದರು. "ಇನ್ನೊಂದು ಕಡುಬು ಹಾಕ್ಕೊಳ್ಳಿ ಮೇಡಂ. ನಮ್ಮ ಹೋಂಸ್ಟೇಲಿ ಸಂಕೋಚ ಇಲ್ಲ."

ಒಂದೇ ಬಾಯಿ, ಎರಡು ಗಂಟಲು. ಮನೆಗೆಲಸದ ಯಲ್ಲಕ್ಕನಿಗೆ ಎರಡೂ ಬಾಯಿಪಾಠ. ಕೇರಿಯಲ್ಲಿ ಅವಳು ಗೌಡರ ಮೊದಲನೇ ಗಂಟಲು ಅಣಕಿಸಿ ತೆಗೆದರೆ ನಾಯಿಗಳು ಬಾಲ ಮುದುರುತ್ತಿದ್ದವು.

ಶೃಂಗೇರಿ ನೋಡಲು ಬಂದು ಇಲ್ಲಿ ಎರಡು ದಿನ ತಂಗಿದ್ದ ಬೆಂಗಳೂರಿನ ಮೇಡಂ ಊಟ ಮುಗಿಸಿ ತಮ್ಮ ಎಲೆಗೆ ಕೈ ಹಾಕಿದರು. ಗೌಡರು ಓಡಿ ಬಂದರು. "ಬಿಡಿ ಬಿಡಿ. ನೆಂಟ್ರು ಉಂಡ ಎಲೆ ತಾವೇ ಎತ್ತಿದ್ರೆ ಮನೆ ಮರ್ಯಾದೆ ಹೋತದೆ. ನಮ್ಮ ಕಡೆ ಹಂಗೆ."

ಆ ಮರ್ಯಾದೆಯನ್ನು ಎತ್ತಿ ಗೊಬ್ಬರದ ಗುಂಡಿಗೆ ಹಾಕುವವಳು ಯಲ್ಲಕ್ಕ. ಅವಳ ಊಟ ಹಿತ್ತಲಲ್ಲಿ, ಗೋಡೆಯ ಸಂದಿಗೆ ಸಿಕ್ಕಿಸಿದ ಅಲ್ಯೂಮಿನಿಯಂ ತಟ್ಟೆಯಲ್ಲಿ. ಉಂಡು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು.

ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಸೊಂಟದಲ್ಲಿದ್ದ ಫೋನು ನಡುಗಿತು. ಮಗಳು ಅನಿತಾ, ದುಬೈಯಿಂದ.

ಕೊಪ್ಪದ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸಿಕೊಂಡಿದ್ದ ಹುಡುಗಿಯನ್ನು ಕಳಿಸಿದವರು ಗೌಡರೇ. "ನಮ್ಮ ಶ್ರೀರಕ್ಷಾನ ಗಂಡನ ಅಂಗಡೀಲಿ ಬಿಲ್ ಹಾಕೋಕೆ ಜನ ಬೇಕು. ಮೊದ್ಲು ವಿಸಿಟ್ ವೀಸಾದಲ್ಲಿ ಹೋಗಿ ನೆಂಟ್ರ ಹಂಗೆ ನನ್ನ ಮಗಳ ಮನೇಲಿರ್ಲಿ. ಕೆಲಸದ ಪರ್ಮಿಟ್ ಆದ ಕೂಡ್ಲೆ ಅಂಗಡಿ. ಎಲ್ಲ ಕಾನೂನು ಪ್ರಕಾರ." ಪರ್ಮಿಟ್ ಬರಲಿಲ್ಲ. ವೀಸಾ ಮುಗಿಯುವ ಮೊದಲೇ ಅದನ್ನು ಮುಂದುವರಿಸಿದರು. ಕಾನೂನಿನ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಗೀರು ಬಿದ್ದದ್ದು ಅನಿತಾಳ ಅಂಗೈಗೆ.

"ಪರ್ಮಿಟ್ ಕೇಳ್ದ್ಯಾ?"

ಅನಿತಾ ಮೂಗಿನಲ್ಲಿ ಶ್ರೀರಕ್ಷಾಳ ದನಿ ತೆಗೆದಳು. "'ಪ್ರೋಸೆಸ್‌ನಲ್ಲಿದೆ ಅನಿತಾ. ನೀನು ನಮ್ಮ ಗೆಸ್ಟ್ ಅಲ್ವಾ, ಏನು ಅರ್ಜೆಂಟು? ಬಾತ್‌ರೂಮ್ ತೊಳ್ದಾಯ್ತಾ?'"

ಯಲ್ಲಕ್ಕನಿಗೆ ನಗು ಬಂದುಬಿಟ್ಟಿತು. ಅನಿತಾ ನಗಲಿಲ್ಲ.

"ಸಂಬಳ?"

"ವಿಸಿಟಲ್ಲಿರೋರಿಗೆ ಸಂಬಳ ಕೊಟ್ರೆ ಕಾನೂನು ಬಿಡಲ್ವಂತೆ ಅವ್ವ. ಪುಕ್ಕಟೆ ದುಡಿಸ್ಕಂಡ್ರೆ ಬಿಡ್ತದಂತೆ. ಯಾರು ಕೇಳಿದ್ರೂ ನೆಂಟ್ರು ಅನ್ನು ಅಂದಾರೆ. ಪಾಸ್‌ಪೋರ್ಟ್ ಅವರ ಬೀರುವಲ್ಲುಂಟು." ಅವಳ ಕಡೆ ನಲ್ಲಿ ತಿರುಗಿಸಿದ ಸದ್ದಾಯಿತು. "ಬಂದ ದಿನ ಉಂಡ ತಟ್ಟೇನ ನಾನೇ ಎದ್ದು ತೊಳ್ದೆ. ಯಾರೂ ಬ್ಯಾಡ ಅನ್ಲಿಲ್ಲ. ಮಾರನೇ ದಿನ ಎಲ್ಲರ ತಟ್ಟೆನೂ ನಂದೇ ಆಯ್ತು."

ಗೌಡರ ಮನೆಯವರ ಎದುರು ಎಂಜಲು ತಟ್ಟೆ ಬಿಟ್ಟು ಏಳಬಾರದು ಎಂದು ಮಗಳ ತಲೆಗೆ ಮೊಟಕಿ ಕಲಿಸಿದವಳು ಯಲ್ಲಕ್ಕನೇ.

ಮರುದಿನ ಬೆಳಿಗ್ಗೆ ಅವಳು ಜಗಲಿಯ ಕೆಳಗೆ ನಿಂತಳು. "ಒಡೆಯಾ, ಅನಿತಾನ ಪರ್ಮಿಟ್ ಮಾಡ್ಸಿ. ಇಲ್ದಿದ್ರೆ ವಾಪಸ್ ಕಳ್ಸಿಬಿಡಿ."

ಗೌಡರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಎಂತ ಅವಸರ ನಿಂಗೆ? ಏಸೀಲಿ ಬಿದ್ಕೊಂಡಿದಾಳೆ. ನಿನ್ನಪ್ಪ ಕಂಡಿದ್ನಾ ವಿಮಾನಾನ?"

"ಪುಕ್ಕಟೆ ದುಡಿಸ್ಕಂತಾರಂತೆ."

"ಥೂ, ಬೋಳಿ. ಉಪ್ಪು ತಿಂದ ಮನೇಗೆ ಕೇಡು ಬಗೀತೀಯಾ? ಅವ್ಳು ಅಲ್ಲಿ ನೆಂಟ್ರು. ನೆಂಟ್ರಿಗೆ ಎಂತ ಸಂಬಳ?"

"ನೆಂಟ್ರಾ, ಒಡೆಯಾ?"

"ಹೌದು ಕಣೆ, ನೆಂಟ್ರೇ. ಬರ್ಕೊಡ್ಲಾ?"

"ಬ್ಯಾಡ. ಬಾಯಲ್ಲಿ ಬಂತಲ್ಲ, ಸಾಕು."

ಮಧ್ಯಾಹ್ನ ಮೇಡಂ ಮತ್ತು ಅವರ ಕಡೆಯವರು ಊಟಕ್ಕೆ ಕೂತಿದ್ದರು. ಯಲ್ಲಕ್ಕ ಕೈಕಾಲು ತೊಳೆದು, ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು. ಖಾಲಿ ಕುರ್ಚಿ ಎಳೆದು ಕೂತಳು. ತಾನೇ ಒಂದು ಎಲೆ ಹಾಕಿಕೊಂಡಳು. ಗೌಡರ ಹೆಂಡತಿ ಗಿರಿಯಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು.

ಮೇಡಂ ನೀರಿನ ಜಗ್ಗನ್ನು ಇತ್ತ ಸರಿಸಿದರು. "ನೀವು ಈ ಮನೆಯವರಾ ಅಮ್ಮ?"

"ನೆಂಟ್ರು ಕಣಮ್ಮ. ನನ್ನ ಮಗ್ಳು ಇವ್ರ ಮಗ್ಳ ಮನೇಲಿ ನೆಂಟ್ರು. ನಾನು ಇಲ್ಲಿ." ಆಮೇಲೆ ಗೌಡರ ಎರಡನೇ ಗಂಟಲು ತೆಗೆದಳು. "ಕಡುಬು ಹಾಕಿ ಗಿರಿಯಮ್ಮ. ನಮ್ಮ ಹೋಂಸ್ಟೇಲಿ ಸಂಕೋಚ ಇಲ್ಲ."

ಮೇಡಂ ನಕ್ಕರು. ನೆಂಟರ ಎದುರು ಗೌಡರೂ ನಗಬೇಕಾಯಿತು. ಗಿರಿಯಮ್ಮ ಕಡುಬು ಹಾಕಿದರು, ಎಲೆಗೆ ಸೌಟು ತಾಗದಂತೆ ಮೇಲಿನಿಂದ.

ಯಲ್ಲಕ್ಕ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ವಿಡಿಯೋ ಕಾಲ್ ಹಾಕಿದಳು. ಅನಿತಾಳ ಮುಖ ಮೂಡಿತು, ಹಿಂದೆ ಸುರಿಯುವ ನಲ್ಲಿ.

"ಅವ್ವ, ಎಲ್ಲಿ ಕೂತಿದೀಯೆ?"

"ಕುರ್ಚಿ ಮೇಲೆ. ನಲ್ಲಿ ನಿಲ್ಸು. ತಟ್ಟೆಗೆ ಹಾಕ್ಕಂಡು ನೀನೂ ಕೂರು. ಉಂಡು ತಟ್ಟೆ ಮುಟ್ಟಬ್ಯಾಡ. ನೆಂಟ್ರು ಮುಟ್ಟಿದ್ರೆ ಮನೆ ಮರ್ಯಾದೆ ಹೋತದಂತೆ. ಒಡೇರೇ ಹೇಳ್ಯಾರೆ."

ನಲ್ಲಿ ನಿಂತಿತು. ಕುರ್ಚಿ ಎಳೆದ ಸದ್ದು ದುಬೈಯಿಂದ ಕೊಪ್ಪದ ಮೇಜಿನವರೆಗೆ ಕೇಳಿಸಿತು.

"ಏಳೇ, ರಂಡೆ," ಗೌಡರು ತುಟಿಯಂಚಿನಲ್ಲಿ ಅಂದರು.

ಯಲ್ಲಕ್ಕ ಕೊನೆಯ ತುತ್ತನ್ನು ಸಾರಿನಲ್ಲಿ ಹೊರಳಿಸಿ ತಿಂದಳು. ಎಲೆ ಮಡಿಸಿ, ಅಲ್ಲೇ ಬಿಟ್ಟು, ಕೈ ಕಟ್ಟಿ ಕೂತಳು. ಗೌಡರು ಎಲೆಯನ್ನು ನೋಡಿದರು. ಮೇಡಂ ಗೌಡರನ್ನು ನೋಡಿದರು.

ಪರದೆಯಲ್ಲಿ ಅನಿತಾ ಉಣ್ಣುತ್ತಿದ್ದಳು. "ಅನಿತಾ, ಏನಿದು?" ಎಂದಿತು ಶ್ರೀರಕ್ಷಾಳ ಮೂಗಿನ ದನಿ. ಬಳೆ ತೊಟ್ಟ ಕೈಯೊಂದು ಅವಳ ಬೆನ್ನ ಹಿಂದೆ ಬಂದು ಕುರ್ಚಿಯನ್ನು ಹಿಡಿಯಿತು.

ಅನಿತಾ ಇನ್ನೊಂದು ತುತ್ತು ಕಲಸಿದಳು.