ಎಲೆ ಕಿತ್ತ ಎರಡು ಸಾಲು

ನಾಳೆ ಸಾಹೇಬರು ಬರುತ್ತಾರೆ ಎಂದರೆ ನಮ್ಮ ಕೈ ಸುಮ್ಮನಿರುವುದಿಲ್ಲ, ಬೇಡದ್ದನ್ನೂ ಮಾಡಿಬಿಡುತ್ತದೆ. ದೇವರಗುಡ್ಡದ ಸೋಮವ್ವನ ಹೊಲದಲ್ಲಿ ಆದದ್ದೂ ಅದೇ.

೨೦೦೬ನೇ ಇಸವಿ. ಸೋಮವ್ವ ಮತ್ತು ಆಕೆಯ ಗಂಡ ಅಂದಾನೆಪ್ಪ ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಅರ್ಧ ಎಕರೆಯಲ್ಲಿ ಮೆಣಸಿನಕಾಯಿ ಬೀಜ ಬೆಳೆಯುತ್ತಿದ್ದರು. ಒಂದೂವರೆ ತಿಂಗಳು ಸೋಮವ್ವ ಬೆಳಗಾದರೆ ಬಗ್ಗಿ, ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸಿ, ಗುರುತಿಗೆ ಕೆಂಪು ಉಲ್ಲನ್ ದಾರ ಕಟ್ಟಿದ್ದಳು. ಇದಕ್ಕೆ ಊರವರು ಕ್ರಾಸಿಂಗ್ ಎನ್ನುತ್ತಾರೆ. ಸೊಂಟ ಹಿಡಿದುಹೋಗಿತ್ತು. ಈಗ ಕಾಯಿ ಬಲಿಯುವ ಹೊತ್ತು. ಬೀಜ ಜೊಳ್ಳಾದರೆ ಕಂಪನಿ ಮುಟ್ಟುವುದಿಲ್ಲ, ಅಷ್ಟೂ ದುಡಿತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮರುದಿನ ಕಂಪನಿಯ ಸೂಪರ್‌ವೈಜರ್ ದಾರ ನೋಡಲು ಬರುವವನಿದ್ದ. ಎಲೆಯ ಮರೆಯಲ್ಲಿ ದಾರ ಕಾಣದಿದ್ದರೆ ಕ್ರಾಸಿಂಗ್ ಆಗಿಲ್ಲವೆಂದು ಬರೆದುಕೊಂಡಾನು ಎಂಬ ಹೆದರಿಕೆ ಅಂದಾನೆಪ್ಪನಿಗೆ. ಎಲೆ ಸುಮ್ಮನೆ ಗೊಬ್ಬರ ತಿನ್ನುತ್ತದೆ, ಕಿತ್ತರೆ ಸತ್ವವೆಲ್ಲ ಕಾಯಿಗೇ ಹೋಗುತ್ತದೆ ಎಂದ. ಸೋಮವ್ವನಿಗೂ ಖರೇ ಅನ್ನಿಸಿತು. ಬಿಸಿಲೇರುವಷ್ಟರಲ್ಲಿ ತಾನೇ ಎರಡು ಸಾಲು ಬೋಳಿಸಿದಳು. ಉಳಿದದ್ದಕ್ಕೆ ನಾಲ್ಕು ಹೆಣ್ಣಾಳು ಹೇಳಿದ್ದರು.

ಅವರಲ್ಲಿ ಕುಲ್ಸುಮಬಿ ಒಬ್ಬಳು. ಬೋಳು ಸಾಲು ಕಂಡವಳೇ ಬದುವಿನ ಮೇಲೆ ಕುಳಿತುಬಿಟ್ಟಳು, ಎಲೆ ಮುಟ್ಟುವುದಿಲ್ಲ ಎಂದಳು. ಉಳಿದ ಮೂವರೂ ಕೈ ಕಟ್ಟಿ ನಿಂತರು. ಅಂದಾನೆಪ್ಪನಿಗೆ ಸಿಟ್ಟು ನೆತ್ತಿಗೇರಿತು.

“ಹೊಲ ನಂದೈತಿ. ಕೂಲಿಗೆ ಬಂದಾಕಿ ನನಗ ಬುದ್ಧಿ ಹೇಳಬ್ಯಾಡ.”

“ಹೊಲ ನಿಮ್ದ ಐತ್ರಿ ಅಣ್ಣಾರ. ಆದ್ರ ಒಲಿ ಕಿತ್ತು ಒಗದು ರೊಟ್ಟಿ ಕೇಳಿದ್ರ ಎಲ್ಲಿಂದ ಬರಬೇಕ್ರಿ?”

ರೈತ ಮಹಿಳೆಯರ ತರಬೇತಿಯಲ್ಲಿ ಕೇಳಿದ್ದನ್ನು ಆಕೆ ಹೇಳಿದಳು. ಬೇರು ಕಳಿಸುವುದು ನೀರು ಮತ್ತು ಗೊಬ್ಬರದ ಸತ್ವ, ಅಷ್ಟೇ. ಅಡುಗೆ ನಡೆಯುವುದು ಹಸಿರೆಲೆಯಲ್ಲಿ. ಎಲೆ ಬಿಸಿಲು ಹಿಡಿದು, ಆ ನೀರಿಗೆ ಗಾಳಿಯೊಳಗಿನ ಇಂಗಾಲದ ಅನಿಲ ಕೂಡಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆ ಕಾಯಿಗೆ ಹರಿದು ಬಂದರೇನೇ ಬೀಜ ತುಂಬುತ್ತದೆ.

ಸೋಮವ್ವ ತಾನು ಬೋಳಿಸಿದ ಸಾಲಿನ ಕಡೆ ತಿರುಗಿ ನೋಡಿದಳು. ಆದರೂ ಮನಸ್ಸು ಒಪ್ಪಲಿಲ್ಲ. “ನೀರು ಬೇರಿನಿಂದ ತಾನ ಮ್ಯಾಲ ಏರತೈತಲ್ಲ ಕುಲ್ಸುಮಕ್ಕ, ಅದಕ್ಕ ಎಲಿ ಯಾಕ ಬೇಕು?”

ಕುಲ್ಸುಮಬಿ ಕೆಂಪು ಶಾಯಿ ತರಿಸಿದಳು. ನೀರಿಗೆ ಬೆರೆಸಿ ಎರಡು ಗ್ಲಾಸಿಗೆ ಹಾಕಿ, ಒಂದರಲ್ಲಿ ಎಲೆ ಇದ್ದ ಮೆಣಸಿನ ಟೊಂಗೆ, ಇನ್ನೊಂದರಲ್ಲಿ ಬೋಳು ಟೊಂಗೆ ಇಟ್ಟಳು. ಮಧ್ಯಾಹ್ನದ ತನಕ ನೋಡುತ್ತೇನೆ, ಆಮೇಲೆ ಎಲ್ಲ ಕೀಳಲೇಬೇಕು ಎಂದ ಅಂದಾನೆಪ್ಪ. ಸೋಮವ್ವ ಗ್ಲಾಸಿನಿಂದ ಕಣ್ಣು ಕೀಳಲಿಲ್ಲ.

ಬುತ್ತಿ ಬಿಚ್ಚುವ ಹೊತ್ತಿಗೆ ಎಲೆ ಇದ್ದ ಟೊಂಗೆಯಲ್ಲಿ ಎಲೆಯ ನರಗಳೆಲ್ಲ ಕೆಂಪಾಗಿದ್ದವು. ಬೋಳು ಟೊಂಗೆಯನ್ನು ಬ್ಲೇಡಿನಿಂದ ಸೀಳಿದರೆ ಬಣ್ಣ ಎರಡು ಬೆರಳು ಏರಿ ನಿಂತಿತ್ತು.

“ಎಲಿ ಬಿಸಿಲಿಗೆ ಆವಿ ಬಿಡತೈತ್ರಿ,” ಎಂದಳು ಕುಲ್ಸುಮಬಿ. “ಬಿಟ್ಟಷ್ಟು ನೀರು ಕೆಳಗಿಂದ ಜಗ್ಗತೈತಿ. ಜಗ್ಗಾವ್ರ ಇಲ್ಲಂದ್ರ ಹಗ್ಗ ಬಾವ್ಯಾಗ ಬಿದ್ದಿರತೈತಿ.”

ಸೋಮವ್ವನ ಕಣ್ಣು ತುಂಬಿತು. “ನನ್ನ ಕೈಯಾಗಿನ ಕಾಯಿಗೆ ನಾನ ಉಪಾಸ ಹಾಕಿದ್ನಲ್ಲ.”

ಅಂದಾನೆಪ್ಪ ಎಲೆ ಕೀಳುವುದು ಬೇಡವೆಂದ. ಆಳುಗಳಿಗೆ ಕಳೆ ತೆಗೆಯಲು ಹೇಳಿದ. ಮರುದಿನ ಸೂಪರ್‌ವೈಜರ್ ಬಂದಾಗ ಸೋಮವ್ವ ಗಿಡಗಿಡಕ್ಕೂ ಬಗ್ಗಿ, ಎಲೆ ಎತ್ತಿ ಹಿಡಿದು ದಾರ ತೋರಿಸಿದಳು. ಅವನು ನೋಡಿ ಗುರುತು ಹಾಕಿಕೊಂಡು ಹೋದ, ಅಷ್ಟೇ.

ಸುಗ್ಗಿಯಲ್ಲಿ ಆಕೆ ಆ ಎರಡು ಸಾಲಿನ ಬೀಜ ಬೇರೆ ಇಟ್ಟು ನೀರಿಗೆ ಸುರಿದಳು. ಬಹುಪಾಲು ಜೊಳ್ಳಾಗಿ ತೇಲಿತು. ಉಳಿದ ಹೊಲದ ಬೀಜ ಕಲ್ಲಿನಂತೆ ಮುಳುಗಿತು. ಜೊಳ್ಳನ್ನು ಆಕೆ ಚೆಲ್ಲಲಿಲ್ಲ, ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ. ಮನೆಗೆ ಬಂದ ರೈತರಿಗೆಲ್ಲ ಬಿಚ್ಚಿ ತೋರಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ರೋಗ ಬಿದ್ದ ಎಲೆ, ಹಣ್ಣಾದ ಎಲೆ ಇದ್ದರೆ ತೆಗೆಯಿರಿ. ಹಸಿರೆಲೆ ಗಿಡದ ಒಲೆ, ನೀರು ಜಗ್ಗುವ ಕೈ. ಅದರ ಹಿಂದೆ ಏನಿದೆಯೋ ನೋಡಬೇಕೆಂದರೆ ಸೋಮವ್ವನ ಹಾಗೆ ಎತ್ತಿ ನೋಡಿ, ಕೀಳಬೇಡಿ.