ಹಿತ್ತಾಳೆ ಚಕ್ರ

ಮೇಜುದೀಪವನ್ನು ಎದೆಗೆ ಅವಚಿಕೊಂಡು ಸಿರಿಲ್ ಪೆಸ್ಕಾಟ್ ಹಿತ್ತಿಲ ಶೆಡ್ಡಿನತ್ತ ಹೊರಟಿದ್ದಾಗ ಹೆಂಡತಿ ಮೇವಿಸ್ ಅಡುಗೆಮನೆಯ ಕಿಟಕಿಯಿಂದ ಕೂಗಿದಳು.

"ಅದನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀಯ? ಈ ಮನೇಲಿ ನೋಡೋ ಹಾಗಿರೋದು ಅದೊಂದೇ!"

"ವೈರ್ ಸಡಿಲ ಆಗಿದೆ."

"ಇಪ್ಪತ್ತೈದು ವರ್ಷದಿಂದ ಅದನ್ನ ಹಚ್ಚೋಕೇ ಬಿಟ್ಟಿಲ್ಲ. ಇವತ್ತು ವೈರ್ ನೆನಪಾಯ್ತಾ? ನಾಲ್ಕು ಗಂಟೆಗೆ ಆ ಹಡಗಿನವನು ಬಂದ್ಬಿಡ್ತಾನೆ, ಶರ್ಟ್ ಬದಲಾಯಿಸು."

ಅವನನ್ನು ಕರೆದದ್ದರಲ್ಲಿ ಅವಳ ತಪ್ಪಿಲ್ಲ. ಬೆಳಿಗ್ಗೆ ಕಡಲ ದಂಡೆಯಲ್ಲಿ ಫಾಕ್‌ಲ್ಯಾಂಡ್ ಯುದ್ಧದ ಇಪ್ಪತ್ತೈದನೇ ವರ್ಷದ ಪ್ರಾರ್ಥನೆ ಇತ್ತು. ಸಿರಿಲ್ ಎಂದಿನಂತೆ ಮಂಡಿನೋವಿನ ನೆಪ ಹೇಳಿ ಮನೆಯಲ್ಲೇ ಉಳಿದಿದ್ದ. ಅಲ್ಲಿ ಚಹಾದ ಸಾಲಿನಲ್ಲಿ ಮೇವಿಸ್‌ಗೆ ಹಾರ್ಟ್‌ವೆಲ್ ಎಂಬ ಯುದ್ಧನೌಕೆಯ ಸಿಬ್ಬಂದಿಯ ಟೈ ಕಟ್ಟಿದ ಒಬ್ಬ ಸಿಕ್ಕಿದ್ದ. ನಿಮ್ಮ ಹಡಗನ್ನು ಯುದ್ಧಕ್ಕೆ ಅಣಿ ಮಾಡಿದವನೇ ನನ್ನ ಗಂಡ ಎಂದು ಅವಳು ಉಬ್ಬಿಹೋಗಿ ಅವನನ್ನು ಮನೆಗೆ ಕರೆದಿದ್ದಳು.

ಶೆಡ್ಡಿನಲ್ಲಿ ದೀಪದ ಮೇಲೆ ಗೋಣಿಚೀಲ ಎಳೆದು ಸಿರಿಲ್ ಬಾಗಿಲು ಹಾಕಿದ. ಚಿಲಕ ತೆಗೆದ, ಹಾಕಿದ, ಮತ್ತೆ ತೆಗೆದು ನೋಡಿದ. ಮನೆಯ ಯಾವ ಚಿಲಕವನ್ನೂ ಅವನು ಸುಮ್ಮನೆ ಬಿಟ್ಟವನಲ್ಲ. ದಿನಕ್ಕೆ ಹತ್ತು ಸಲ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ತಿರುಗಿಸುತ್ತಿದ್ದ. ಎಪ್ಪತ್ತನಾಲ್ಕಾದರೂ ಈ ಚಾಳಿ ಬಿಟ್ಟಿರಲಿಲ್ಲ.

ಯುದ್ಧಕ್ಕೆ ಮುಂಚೆ ಅವನು ಬಂದರಿನ ಆಚೆ ದಡದ ನೌಕಾಪಡೆಯ ಹಡಗುಕಟ್ಟೆಯಲ್ಲಿ ಫಿಟ್ಟರ್. ನೌಕಾಪಡೆ ದುಬಾರಿಯಾಯಿತು, ಹಡಗು ಕಡಿಮೆ ಮಾಡಿ ಎಂದು ಲಂಡನ್ನಿನಲ್ಲಿ ಕೂತವರು ತೀರ್ಮಾನಿಸಿದರು. ಹಾರ್ಟ್‌ವೆಲ್ ಮಾರಾಟದ ಪಟ್ಟಿಗೆ ಹೋಯಿತು, ಸಿರಿಲ್ ಮನೆಗೆ ಹೋಗುವವರ ಪಟ್ಟಿಗೆ. ಮೂವತ್ತಮೂರು ವರ್ಷದ ದುಡಿಮೆಗೆ ಬಂದದ್ದು ಎರಡು ಸಾಲಿನ ಕಾಗದ. ಅದನ್ನು ಓದಿದ ದಿನ ಅವನ ಮೈಯೆಲ್ಲ ಉರಿದಿತ್ತು. ನೇರ ಹೋಗಿ ಹಾರ್ಟ್‌ವೆಲ್‌ನ ಹಿಂಬದಿಯ ಕೆಳ ಅಂತಸ್ತಿನಲ್ಲಿ, ತುರ್ತು ದಾರಿಯ ಮುಚ್ಚಳ ತೆರೆಯುವ ಹಿತ್ತಾಳೆ ಚಕ್ರವನ್ನು ಬಿಚ್ಚಿಕೊಂಡ.

ಕಟ್ಟೆಯ ಸಾಮಾನಿನಿಂದ ಮನೆಗೆಂದು ಏನಾದರೂ ಮಾಡಿಕೊಂಡರೆ ಅದಕ್ಕೆ ಅಲ್ಲಿ ಮೊಲ ಎನ್ನುತ್ತಿದ್ದರು. ಯಾರೂ ಅದನ್ನು ಕಳ್ಳತನ ಎಂದು ಎಣಿಸಿರಲಿಲ್ಲ. ಸಿರಿಲ್‌ನ ಬೀದಿಯಲ್ಲಿ ಅರ್ಧ ಮನೆಗಳ ಗೇಟಿಗೆ ಯುದ್ಧನೌಕೆಯ ಬೂದು ಬಣ್ಣ. ಸಿರಿಲ್ ಚಕ್ರದ ನಡುವಿನ ಚೌಕ ತೂತನ್ನು ವೈರ್ ಹಾಯಲೆಂದು ದುಂಡಗೆ ಕೊರೆದ, ಬೇರಿಂಗ್ ಕೂಡಿಸಿ ದೀಪದ ಪೀಠ ಮಾಡಿದ. ಕುರ್ಚಿಯ ಕಡೆ ಬೆಳಕು ತಿರುಗಿಸಲು ಒಂದು ಬೆರಳು ಸಾಕು. ಕೋಟಿನೊಳಗೆ ಬಚ್ಚಿಟ್ಟು ಹೊರಟಾಗ ಗೇಟಿನ ಕಾವಲಿನವನು, "ಲೋ ಪೆಸ್ಕಾಟ್, ಮೊಲದ ಕಿವಿ ಕಾಣಿಸ್ತಿದೆ, ಒಳಗೆ ತುರುಕ್ಕೋ," ಎಂದು ಮುಖ ತಿರುಗಿಸಿದ್ದ.

ಐದು ತಿಂಗಳಾಗಿರಲಿಲ್ಲ. ಏಪ್ರಿಲ್‌ನ ಒಂದು ಶುಕ್ರವಾರ, ಎಂಟು ಸಾವಿರ ಮೈಲಿ ಆಚೆ ಯಾರೂ ಕೇಳಿರದ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಯುದ್ಧ ಹತ್ತಿಕೊಂಡಿತು. ಮಾರಾಟಕ್ಕಿಟ್ಟ ಹಡಗುಗಳೂ ಬೇಕು, ಮನೆಗೆ ಕಳಿಸಹೊರಟ ಕೈಗಳೂ ಬೇಕು. ಕಾಗದ ಜೇಬಿನಲ್ಲಿರುವಂತೆಯೇ ಎಲ್ಲರೂ ಹಗಲಿರುಳು ದುಡಿದರು. ಸಿರಿಲ್ ಮೊದಲು ಓಡಿದ್ದು ಆ ಮುಚ್ಚಳದ ಹತ್ತಿರ. ಕೊರೆದ ಚಕ್ರ ಇನ್ನು ಅದಕ್ಕೆ ಕೂರುವಂತಿರಲಿಲ್ಲ, ಉಗ್ರಾಣದಲ್ಲಿ ಬೇರೆಯದೂ ಇರಲಿಲ್ಲ. ಒಂದು ಕಬ್ಬಿಣದ ಸರಳನ್ನು ಕತ್ತರಿಸಿ ಅಡ್ಡಹಿಡಿಯಾಗಿ ಬೆಸೆದ. ತಿರುಗಿತು, ಆದರೆ ಬಿಗಿ. ಸರಿಮಾಡಲು ನಾಳೆ ಬರೋಣ ಎಂದುಕೊಂಡ. ಮರುದಿನ ಅವನನ್ನು ಬೇರೆ ಹಡಗಿಗೆ ಹಾಕಿದರು. ಮೇ ಕೊನೆಯಲ್ಲಿ ರೇಡಿಯೋ ಹೇಳಿತು: ಹಾರ್ಟ್‌ವೆಲ್‌ನ ಹಿಂಬದಿಗೆ ಬಾಂಬು, ಹತ್ತೊಂಬತ್ತು ಸಾವು.

ಮುಚ್ಚಳ ತೆರೆಯಿತೋ ಇಲ್ಲವೋ? ಯಾರನ್ನು ಕೇಳುವುದು?

ನಾಲ್ಕು ಗಂಟೆಗೆ ಸರಿಯಾಗಿ ಗ್ಯಾರೆತ್ ಪ್ರಾಬರ್ಟ್ ಬಂದ. ವೇಲ್ಸ್‌ನವನು, ನಲವತ್ತೇಳರ ಆಸುಪಾಸು, ಹಡಗಿನಲ್ಲಿ ಅಡುಗೆಯವನಾಗಿದ್ದನಂತೆ. ಎಂದೋ ಸುಟ್ಟ ಅಂಗೈಗಳ ಚರ್ಮ ಹೊಳೆಯುತ್ತಿತ್ತು. ಮೇವಿಸ್ ಕೊಟ್ಟ ಕೇಕನ್ನು ಹೊಗಳಿದ.

"ನಮ್ಮ ಯಜಮಾನರಿಗೆ ಜಂಭವೇ ಇಲ್ಲ," ಎಂದಳು ಮೇವಿಸ್. "ಅಷ್ಟು ಕೆಲಸ ಮಾಡಿ ಒಂದು ಮಾತೂ ಆಡಲ್ಲ."

ಸಿರಿಲ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ಚಿಲಕ ಮುಟ್ಟಿದ. ಬೆನ್ನು ಹಾಕಿಕೊಂಡೇ ಕೇಳಿದ: "ನೀನು ಎಲ್ಲಿಂದ ಹೊರಗೆ ಬಂದೆ?"

"ಹಿಂಬದಿ ತುರ್ತು ದಾರೀಲಿ. ಹೊಗೇಲಿ ಏನೂ ಕಾಣ್ತಿರಲಿಲ್ಲ. ಬೇರೆ ಕಡೆ ಎಲ್ಲಾ ಚಕ್ರ ಇತ್ತು, ಅಲ್ಲೊಂದು ಕಡೆ ಮಾತ್ರ ಕಬ್ಬಿಣದ ಸರಳು. ಕೈಗೆ ಸಿಕ್ಕಿದ ತಕ್ಷಣ ಗೊತ್ತಾಯ್ತು, ದಾರಿ ಇದೇ ಅಂತ."

ಸಿರಿಲ್ ಉಸಿರು ಬಿಟ್ಟ. ತೆರೆದಿತ್ತು. ಇಪ್ಪತ್ತೈದು ವರ್ಷ ಹೊತ್ತದ್ದು ಇಳಿಯಿತೆಂದೇ ಒಂದು ಗಳಿಗೆ ಅನಿಸಿತು.

"ಆದರೆ ತುಂಬಾ ಬಿಗಿ," ಎಂದ ಗ್ಯಾರೆತ್. "ಕಾದು ಕೆಂಡ ಆಗಿತ್ತು. ನಾನು, ನನ್ನ ಗೆಳೆಯ ಕಾಲಿನ್ ಇಬ್ಬರೂ ಜೋತುಬಿದ್ವಿ. ತೆರೆದಾಗ ಅವನೇ ಹೇಳಿದ, ನೀವು ಮೊದಲು ಹತ್ತಿ ಅಂತ. ಆರು ಜನ ಮೇಲೆ ಬಂದ್ವಿ. ಅವನು ಏಳನೆಯವನು, ಬರಲೇ ಇಲ್ಲ. ಇನ್ನೊಂದು ಅರ್ಧ ನಿಮಿಷ ಸಿಕ್ಕಿದ್ದರೆ..."

ಮೇವಿಸ್ ಚಹಾದ ಪಾತ್ರೆ ಕೆಳಗಿಟ್ಟಳು. ಸಿರಿಲ್ ಹಿತ್ತಿಲಿಗೆ ಹೋದ. ಬಾಯಿ ಮುಚ್ಚಿಕೊಂಡಿದ್ದರೆ ಅತಿಥಿ ಚಹಾ ಕುಡಿದು ಕೈಕುಲುಕಿ ಹೋಗುತ್ತಿದ್ದ. ಅವನ ಕಣ್ಣಲ್ಲಿ ತಾನು ಹಡಗು ಅಣಿಮಾಡಿದ ದೊಡ್ಡ ಮನುಷ್ಯನಾಗಿಯೇ ಉಳಿಯಬಹುದಿತ್ತು. ಸಿರಿಲ್ ಗೋಣಿಚೀಲ ಸರಿಸಿ ದೀಪವನ್ನು ಎತ್ತಿಕೊಂಡ.

ಒಳಗೆ ತಂದು ಕೇಕಿನ ತಟ್ಟೆಯ ಪಕ್ಕದಲ್ಲಿ ಇಟ್ಟ.

"ಆ ಸರಳಿನ ಜಾಗದಲ್ಲಿ ಇರಬೇಕಾಗಿದ್ದ ಚಕ್ರ ಇದು," ಎಂದ. "ನಾನೇ ಬಿಚ್ಚಿಕೊಂಡು ಬಂದಿದ್ದೆ. ಇವಳಿಗೆ ದೀಪ ಮಾಡೋಕೆ."

"ಸಿರಿಲ್," ಎಂದಳು ಮೇವಿಸ್.

ಗ್ಯಾರೆತ್ ಹಿತ್ತಾಳೆಯತ್ತ ಬಾಗಿದ. ಬೈಯುತ್ತಾನೆ, ಎದ್ದು ಹೋಗುತ್ತಾನೆ ಎಂದು ಸಿರಿಲ್ ನಿಂತೇ ಕಾದ. ಗ್ಯಾರೆತ್ ಹೊಳೆಯುವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚಕ್ರದ ಅಂಚಿಗೆ ಒಂದು ಬೆರಳು ಹಚ್ಚಿ ಮೆಲ್ಲಗೆ ತಳ್ಳಿದ.

ಚಕ್ರ ಸದ್ದಿಲ್ಲದೆ ಪೂರ್ತಿ ಒಂದು ಸುತ್ತು ತಿರುಗಿ, ಇನ್ನೂ ತಿರುಗುತ್ತಲೇ ಇತ್ತು.