ಎಡಗೈ ತಣ್ಣಗಾದದ್ದು

ಎಪ್ಪತ್ನಾಲ್ಕರ ಒಂದು ಸೋಮವಾರ ಸಿರುಗುಪ್ಪದಲ್ಲಿ ಸೂರ್ಯ ಎರಡು ಸಲ ಹುಟ್ಟಿದ. ಒಮ್ಮೆ ಮೂಡಣದಲ್ಲಿ, ಇನ್ನೊಮ್ಮೆ ಅಕ್ಕಿ ಗಿರಣಿಯ ಎರ್ರಿಸ್ವಾಮಿಯ ಅಂಗೈಯಲ್ಲಿ. ಅವ್ವ ಚನ್ನವೀರಮ್ಮನನ್ನು ಮಣ್ಣು ಮಾಡಿದ ಮೂರನೆಯ ದಿನ ಅವನು ಪೂಜೆಗೆ ಕುಳಿತು ಎಡ ಅಂಗೈಯ ಮೇಲಿನ ಇಷ್ಟಲಿಂಗ ದಿಟ್ಟಿಸುತ್ತಿದ್ದ. ಎಡಗೈ ತಣ್ಣಗಾಯಿತು, ಬೆಳಕು ಹೊಮ್ಮಿತು. ಆ ಝಳಕ್ಕೆ ಗಿರಣಿಯ ಭತ್ತವೆಲ್ಲ ಬೆಂದು ಅನ್ನವಾಯಿತು. ಕುರುಗೋಡಿನ ಗುಡಿಯ ಕಲ್ಲಿನ ದೊಡ್ಡ ಬಸವಣ್ಣ ಕಣ್ಣು ಕುಕ್ಕಿ ಮುಖ ತಿರುಗಿಸಿದ. ಇಷ್ಟಾದ ಮೇಲೆ ಸಂಸಾರವೇಕೆ? ಬರುವ ಅಮಾವಾಸ್ಯೆಗೆ ಹೆಂಡತಿ ಮಕ್ಕಳನ್ನು ಬಿಟ್ಟು ಕುರುಗೋಡು ಗುಡ್ಡ ಸೇರುವುದಾಗಿ ಸಾರಿಬಿಟ್ಟ.

ಹೆಂಡತಿ ಕೊಟ್ರಬಸಮ್ಮ ಅಳಲಿಲ್ಲ. ಅವನನ್ನು ಬಸ್ಸು ಹತ್ತಿಸಿ ಬಳ್ಳಾರಿಯ ಗಾಂಧಿನಗರಕ್ಕೆ ಕರೆತಂದಳು. ಅಲ್ಲಿದ್ದ ಅವಳ ಚಿಕ್ಕಪ್ಪ ಕಾಡಸಿದ್ದಪ್ಪ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವರು.

"ಸ್ವಾಮಿಗುಳು ದಯಮಾಡಿಸ್ಯಾರ ಚಿಗಪ್ಪಾರ, ಪಾದ ತೊಳೀರಿ," ಎಂದಳು ಬಾಗಿಲಲ್ಲೇ.

ಕಾಡಸಿದ್ದಪ್ಪ ನಗಲಿಲ್ಲ. ಎರ್ರಿಸ್ವಾಮಿಯಿಂದ ನಡೆದದ್ದನ್ನು ಮೂರು ಸಲ ಹೇಳಿಸಿ ಕೇಳಿದರು. ಮೊದಲ ಸಲ ಬೆಳಕು ಬೆಳ್ಳಗಿತ್ತು. ಚಹಾ ಕುಡಿದ ಮೇಲೆ ಬಂಗಾರವಾಯಿತು. ಮೂರನೆಯ ಸಲ ಏಳು ಬಣ್ಣವಾಗಿ, ಬೆಂಕಿ ಬಿತ್ತೆಂದು ಇಡೀ ಕೌಲ್ ಬಜಾರ್ ಕೊಡ ಹಿಡಿದು ಓಡಿತು.

"ಕೌಲ್ ಬಜಾರ್ ಇಲ್ಲಿ ಬಳ್ಳಾರ್ಯಾಗ ಐತಿ. ನೀವು ಸಿರುಗುಪ್ಪದಾಗ ಇದ್ರಿ," ಎಂದಳು ಕೊಟ್ರಬಸಮ್ಮ.

"ಇರ್ಲಿ ಬಿಡವ್ವ," ಎಂದರು ಕಾಡಸಿದ್ದಪ್ಪ. "ಮನಸ್ಸಿಗೆ ಭಾರ ಆದಾಗ ಇಂಥಾವು ಕಾಣ್ತಾವ. ಕಂಡದ್ದನ್ನ ಸುಳ್ಳು ಅನ್ನಾಂಗಿಲ್ಲ. ಆದ್ರ ಎರ್ರಿಸ್ವಾಮಿ, ಮೂರು ಸಲನೂ ಬಣ್ಣ ಬದಲಾತು, ಒಂದ ಮಾತು ಬದಲಾಗ್ಲಿಲ್ಲ. ಎಡಗೈ ತಣ್ಣಗಾತು ಅಂದಿ. ಸೂರ್ಯ ಹುಟ್ಟಿದ ಕೈ ಯಾಕ ತಣ್ಣಗಾತು?"

ಹಿಮಾಲಯದ ಗಾಳಿ ಬೀಸಿತೆಂದು ಎರ್ರಿಸ್ವಾಮಿ ಶುರುಮಾಡಿದ. ಮಾತನ್ನು ಅಲ್ಲಿಗೇ ಬಿಟ್ಟು ಎಡಗೈಯನ್ನು ಧೋತರದ ಮರೆಗೆ ಎಳೆದುಕೊಂಡ.

"ಯಾರ ಕೈ ಅದು, ತಣ್ಣಗಿದ್ದದ್ದು?" ಎಂದರು ಕಾಡಸಿದ್ದಪ್ಪ.

"ಅವ್ವಂದು ರೀ." ಎಂದ ಎರ್ರಿಸ್ವಾಮಿ. "ಬೆಳಕು ಗಿಳಕು ಏನೂ ಬರ್ಲಿಲ್ಲ. ಸಾಯೋ ದಿನ ಆಕಿ, ಕೈ ಹಿಡಕೊಂಡು ಕುಂದ್ರೋ ಅಂದ್ಲು. ಬಂದೆ ತಡಿಬೇ ಅಂತ ಹೇಳಿ ಚಾದಂಗಡ್ಯಾಗ ಬಡಾಯಿ ಕೊಚ್ಚಿಕೊಂತ ಕುಂತೆ. ನಾ ಕೈ ಹಿಡದಿದ್ದು ಮಣ್ಣು ಮಾಡೋ ಕುಣ್ಯಾಗ, ಆಕಿನ್ನ ಕುಂದ್ರಿಸಿ ಎಡ ಅಂಗೈಯಾಗ ಲಿಂಗ ಇಡಬೇಕಾದ್ರ. ತಣ್ಣಗಿತ್ತು. ಪೂಜಿಗೆ ಕುಂತ್ರ ನನ್ನ ಕೈ ಕಾಣಲಿಲ್ರಿ, ಆಕಿ ಕೈ ಕಂಡ್ತು. ಆ ದೇವರ ಜಗಲಿ ಮುಂದ ಕುಂದ್ರಾಕ ಅಂಜಿಕಿ. ಅದಕ್ಕ ಗುಡ್ಡ ಅಂದೆ."

ಹೆಂಡತಿಯ ಕಡೆ ನೋಡದೆ ಮೆಲ್ಲಗೆ ಸೇರಿಸಿದ: "ಹೋಗಾಂಗಿಲ್ಲ ಬಿಡು. ಅಲ್ಲಿಗೂ ಈ ಕೈ ಬರ್ತೈತಿ."